ಫಸ್ಟ್ ನೇಮ್‌ಗೆ ಬಂದ ಪಾರ್ಸೆಲ್

ಆನ್‌ಲೈನ್ ಅಂಗಡಿಯ ಗುರುವಾರದ ಮೇಲ್ ಬಂದಿತ್ತು. ಬಂದದ್ದೇನೋ ಸರಿ, ಅದರ ತಲೆಬುಡ ಅರ್ಥವಾಗಬೇಕಲ್ಲ! ಮೇಲ್ಗಡೆ, ಹೆಸರು ಇರಬೇಕಾದ ಕಡೆ, ಇಂಗ್ಲಿಷಿನಲ್ಲಿ 'ಡಿಯರ್ ಫಸ್ಟ್ ನೇಮ್' ಎಂದಿತ್ತು. ಕೆಳಗೆ ಕುಕ್ಕರು, ಮಿಕ್ಸಿ, ಬೆಡ್‌ಶೀಟುಗಳ ಚಿತ್ರ ಇರಬೇಕಾದ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳು. ಕೊನೆಯಲ್ಲಿ, ಆಫರು ಮುಗಿಯುವ ಮೊದಲು ಎಲ್ಲರಿಗೂ ಹಂಚಿರಿ ಎಂಬ ಅವಸರ. ಆಫರು ಮುಗಿದದ್ದು ನಿನ್ನೆ. ಭವ್ಯಶ್ರೀ ಮೊಬೈಲನ್ನು ಅಡ್ಡ ಹಿಡಿದಳು, ಉದ್ದ ಹಿಡಿದಳು, ರೇಂಜ್ ಇಲ್ಲವೋ ಎಂದು ಅಂಗಳಕ್ಕೂ ಹೋಗಿ ಬಂದಳು. ಚೌಕಗಳು ಚೌಕಗಳಾಗಿಯೇ ಉಳಿದವು.

"ಈ ಫಸ್ಟ್ ನೇಮ್ ಯಾರು ಮಾರಾಯ್ತಿ?" ಜೀಪಿನ ಕೀ ಹುಡುಕುತ್ತಿದ್ದ ಗಂಡ ಸುಧೀರ್ ಬಗ್ಗಿ ನೋಡಿ ಕೇಳಿದ.

"ನಾನೇ."

"ನಿನ್ನ ಹೆಸರು ಅವರಿಗೆ ಗೊತ್ತಿಲ್ವಾ?"

"ಗೊತ್ತುಂಟು. ಮರೆತುಹೋಗಿರಬೇಕು."

ಅವನು ನಗಾಡಿಕೊಂಡು ಬದಿಯಡ್ಕಕ್ಕೆ ಟ್ರಿಪ್ ಹೊಡೆಯಲು ಹೋದ. ಅವಳಿಗೆ ನಗು ಬರಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು, ನಗು ಎಲ್ಲಿಂದ ಬರಬೇಕು?

ಬದಿಯಡ್ಕ ಪೇಟೆಯ ಸುಕುಮಾರಣ್ಣನ ಜವಳಿ ಅಂಗಡಿಯಲ್ಲಿ ಅವಳು ಆರು ವರ್ಷ ನಿಂತಿದ್ದಳು. ಕೆಲಸ ಮಾಡಿದ್ದಳು ಎನ್ನುವುದಕ್ಕಿಂತ ನಿಂತಿದ್ದಳು ಎನ್ನುವುದೇ ಸರಿ. ಗಿರಾಕಿ ಇದ್ದರೂ ನಿಲ್ಲಬೇಕು, ನೊಣ ಹೊಡೆಯುವ ಹೊತ್ತಿನಲ್ಲೂ ನಿಲ್ಲಬೇಕು. ಕೂತ ಹೆಂಗಸನ್ನು ಕಂಡರೆ ಗಿರಾಕಿ ಒಳಗೆ ಕಾಲಿಡುವುದಿಲ್ಲ ಎಂಬುದು ಆ ಪುಣ್ಯಾತ್ಮನ ಸಿದ್ಧಾಂತ. ತಾನು ಮಾತ್ರ ಗಲ್ಲಾದ ಹಿಂದೆ ಮೆತ್ತೆ ಹಾಕಿಕೊಂಡು ಬೆಳಗ್ಗಿನಿಂದ ರಾತ್ರಿಯವರೆಗೆ ಕೂತಿರುತ್ತಿದ್ದ! ಅವಳ ಕಾಲಿನ ನರಗಳು ನೀಲಿಗಟ್ಟಿ ಗಂಟುಗಂಟಾದಾಗ ಡಾಕ್ಟರು, ಇನ್ನು ನಿಲ್ಲುವ ಕೆಲಸ ಬೇಡ ಎಂದರು. ಸುಕುಮಾರಣ್ಣ, "ಹಾಗಾದ್ರೆ ಮನೆಯಲ್ಲಿ ಕೂರು. ದೀಪಾವಳಿಯವರೆಗೆ ನಿನ್ನ ಜಾಗ ಯಾರಿಗೂ ಕೊಡುವುದಿಲ್ಲ, ಆಮೇಲೆ ನನ್ನನ್ನು ಕೇಳಬೇಡ" ಎಂದ.

ಗಲ್ಫಿನಲ್ಲಿದ್ದ ತಮ್ಮ ವಿನೀತ್ ಫೋನಿನಲ್ಲಿ ದಾರಿ ತೋರಿಸಿದ. "ಅಫಿಲಿಯೇಟ್ ಅಂತ ಉಂಟು ಅಕ್ಕ. ಆನ್‌ಲೈನ್ ಅಂಗಡಿಯವರು ನಿನ್ನ ಗುರ್ತ ಇರುವ ಒಂದು ಲಿಂಕ್ ಕೊಡ್ತಾರೆ. ವಾರ ವಾರ ಮೇಲ್‌ನಲ್ಲಿ ಆಫರ್ ಬರ್ತದೆ. ನೀನು ಅದನ್ನು ಗುರ್ತದವರಿಗೆ ಕಳಿಸುವುದು. ಅವರು ಲಿಂಕ್ ಒತ್ತಿ ಸಾಮಾನು ತೆಗೆದ್ರೆ ನಿನಗೆ ಕಮಿಷನ್. ಕೂತಲ್ಲೇ ಕೆಲಸ."

ಕೂತಲ್ಲೇ ಎಂಬ ಆ ಒಂದು ಮಾತಿಗೇ ಭವ್ಯಶ್ರೀ ಮರುಳಾದಳು.

ವ್ಯಾಪಾರವೇನೋ ಭರ್ಜರಿಯಾಗಿತ್ತು. ಅವಳು ವಾಟ್ಸಪ್‌ನಲ್ಲಿ ಲಿಂಕ್ ಕಳಿಸಿದ ಕೂಡಲೇ ನೆರೆಕರೆಯ ಹೆಂಗಸರು ಜಗಲಿಯಲ್ಲಿ ಹಾಜರು. ಚಾ ಕುಡಿದು, ಅತ್ತೆ ಸೊಸೆಯರ ಸುದ್ದಿಯೆಲ್ಲ ಮುಗಿದ ಮೇಲೆ, "ಆ ಕುಕ್ಕರ್ ನನಗೊಂದು ಬುಕ್ ಮಾಡು ಭವ್ಯ, ದುಡ್ಡು ಇಕೋ" ಎನ್ನುತ್ತಿದ್ದರು. ಅವಳು ಅಲ್ಲೇ ತನ್ನ ಮೊಬೈಲಿನಲ್ಲಿ ತನ್ನ ಲಿಂಕ್ ಒತ್ತಿ ತನ್ನ ಮನೆಯ ವಿಳಾಸಕ್ಕೆ ತರಿಸಿಕೊಡುತ್ತಿದ್ದಳು. ಕೊರಿಯರ್ ಚನಿಯನ ಬೈಕಿಗೆ ಅವಳ ಮನೆಯ ದಾರಿ ಬಾಯಿಪಾಠವಾಗಿತ್ತು. ಎಲ್ಲ ಸರಿ, ಆದರೆ ಕಮಿಷನ್ ತೋರಿಸುವ ಪುಟದಲ್ಲಿ ಮಾತ್ರ ಸೊನ್ನೆ!

ಮೇಲ್‌ಗಳಾದರೂ ಏನಾದರೂ ಹೇಳುತ್ತವೆಯೇ? ಬೆಳಗ್ಗೆ ಬಂದದ್ದು, 'ಅಭಿನಂದನೆ, ನಿಮ್ಮಂಥವರು ನಮಗೆ ಸಿಕ್ಕಿದ್ದೇ ಪುಣ್ಯ' ಎಂದಿತು. ಮಧ್ಯಾಹ್ನ ಬಂದದ್ದು, 'ನಿಮ್ಮ ಸುದ್ದಿಯೇ ಇಲ್ಲ, ಒಂದಾದರೂ ಮಾರಾಟ ಮಾಡಿಸಿ' ಎಂದು ಗೋಗರೆಯಿತು. ಸಂಜೆ ಅದೇ ಅಭಿನಂದನೆ ಮತ್ತೆರಡು ಸಲ ಬಂತು. ತಾನು ಕಂಪೆನಿಗೆ ಬೇಕಾದವಳೋ ಬೇಡವಾದವಳೋ ಅವಳಿಗೆ ತಿಳಿಯದಾಯಿತು. ಅನ್ನಕ್ಕೆ ಎಸರಿಟ್ಟು ಅಕ್ಕಿ ಹಾಕಲು ಮರೆತಳು.

ಕೊನೆಗೆ ಧೈರ್ಯ ಮಾಡಿ ಕಂಪೆನಿಗೆ ಫೋನ್ ಹಚ್ಚಿದಳು. ಎಷ್ಟೋ ಹೊತ್ತು ಹಾಡು ಕೇಳಿಸಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಿದಳು. ಅವಳದು ಪಟಪಟ ಹಿಂದಿ, ಇವಳದು ಶಾಲೆಯಲ್ಲಿ ಕಲಿತ ಹಿಂದಿ. "ಮೇಡಂ, ನಿಮ್ಮ ಲಿಂಕಿನಲ್ಲಿ ಖರೀದಿ ಮಾಡಿದವರೆಲ್ಲ ನೀವೇ. ಸ್ವಂತ ಖರೀದಿಗೆ ಕಮಿಷನ್ ಇಲ್ಲ" ಎಂದಳು ಆ ಹುಡುಗಿ.

"ನಾನಲ್ಲ, ನಮ್ಮ ಊರಿನವರು."

"ಹೆಸರು ನಿಮ್ಮದು, ಮನೆ ನಿಮ್ಮದು. ಒಂದು ಮನೆಗೆ ಇಷ್ಟೊಂದು ಕುಕ್ಕರ್ ಯಾಕೆ ಮೇಡಂ?"

ಜಗಲಿ, ಚಾ, ಪಕ್ಕದ ಮನೆಯ ಪ್ರೇಮಕ್ಕ, ಇದನ್ನೆಲ್ಲ ಹಿಂದಿಯಲ್ಲಿ ಹೇಗೆ ಹೇಳುವುದು? ಭವ್ಯಶ್ರೀ 'ಅಚ್ಛಾ, ಠೀಕ್ ಹೈ' ಎಂದಳು. ಫೋನ್ ಇಟ್ಟವಳೇ ನೇರ ಪಕ್ಕದ ಮನೆಗೆ ಓಡಿದಳು.

"ಪ್ರೇಮಕ್ಕ, ಇನ್ನು ಮೇಲೆ ನಿಮ್ಮ ಮೊಬೈಲಿನಲ್ಲಿ ನೀವೇ ಒತ್ತಬೇಕು. ಇಲ್ಲದಿದ್ರೆ ನಾನು ಪುನಃ ಅಂಗಡಿಯಲ್ಲಿ ನಿಲ್ಲಲಿಕ್ಕೆ ಹೋಗಬೇಕಾಗ್ತದೆ."

ಮೀನು ಕೊಯ್ಯುತ್ತಿದ್ದ ಪ್ರೇಮಾವತಿ ಕೈ ನಿಲ್ಲಿಸಿದಳು. "ನಾನು ಒತ್ತಿ, ಒಡೆದ ಸಾಮಾನು ಬಂದ್ರೆ ಯಾರಿಗೆ ಬೈಯುವುದು ಮಾರಾಯ್ತಿ? ನೀನು ಮಾಡಿದ್ರೆ ನಿನ್ನ ಮನೆಗೆ ಬಂದು ಬೈಯಬಹುದು. ಅದಕ್ಕೇ ಅಲ್ವಾ ನಾವೆಲ್ಲ ನಿನ್ನ ಹತ್ರ ಬರುವುದು?"

ಆದರೂ ಭವ್ಯಳ ಮುಖ ನೋಡಿ ಅವಳಿಗೆ ಕರುಳು ಚುರ್ ಎಂದಿತು. ಕೈ ತೊಳೆದು, ದೇವರ ಹೆಸರು ಹೇಳಿ, ಕಣ್ಣು ಮುಚ್ಚಿ ಮಿಕ್ಸಿಯ ಲಿಂಕ್ ಒತ್ತಿದಳು. ತೆರೆದದ್ದು ಮಿಕ್ಸಿಯಲ್ಲ, ಹಸುಗೂಸುಗಳ ಬೂಟು!

"ಅಯ್ಯೋ, ನನ್ನ ಸೊಸೆಗೆ ಆರು ತಿಂಗಳು ಅಂತ ಇವರಿಗೆ ಯಾರು ಹೇಳಿದ್ದು?" ಪ್ರೇಮಾವತಿ ಮೊಬೈಲನ್ನು ದೂರ ಸರಿಸಿದಳು. "ಬೇಡ ಭವ್ಯ, ನನಗೆ ಹೆದರಿಕೆ ಆಗ್ತದೆ."

ದೀಪಾವಳಿಯ ಹಿಂದಿನ ದಿನ ಎರಡು ಮೇಲ್ ಒಟ್ಟಿಗೆ ಬಂದವು. ಮೊದಲನೆಯದು: ಡಿಯರ್ ಫಸ್ಟ್ ನೇಮ್, ನಿಯಮ ಮುರಿದದ್ದಕ್ಕಾಗಿ ನಿಮ್ಮ ಅಫಿಲಿಯೇಟ್ ಖಾತೆ ಮುಚ್ಚಿದ್ದೇವೆ. ಎರಡನೆಯದು: ಡಿಯರ್ ಫಸ್ಟ್ ನೇಮ್, ಇಷ್ಟೊಂದು ಖರೀದಿಸಿದ ನಿಮಗೆ ಪ್ರೀತಿಯ ಉಡುಗೊರೆ, ಒಂದನ್ನು ಆರಿಸಿ. ಆರಿಸಲು ಇದ್ದದ್ದು ಯಥಾಪ್ರಕಾರ ಖಾಲಿ ಚೌಕಗಳು. ಭವ್ಯಶ್ರೀಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಹಾಕುವವರೂ ಇವರೇ, ಮುದ್ದು ಮಾಡುವವರೂ ಇವರೇ! ಕಣ್ಣೀರಿನಲ್ಲಿ ಮಂಜಾದ ಯಾವುದೋ ಒಂದು ಚೌಕವನ್ನು ಒತ್ತಿ ಮೊಬೈಲನ್ನು ಮಂಚದ ಮೇಲೆ ಎಸೆದಳು.

ಹಬ್ಬ ಕಳೆದ ಮೇಲೆ ಚನಿಯ ಒಂದು ಚಪ್ಪಟೆ ಪಾರ್ಸೆಲ್ ಹಿಡಿದುಕೊಂಡು ಅಂಗಳದಲ್ಲಿ ನಿಂತು ತಲೆ ಕೆರೆದುಕೊಂಡ. "ವಿಳಾಸ ನಿಮ್ಮದೇ ಅಕ್ಕ. ಹೆಸರು ಮಾತ್ರ ಎಂತದೋ ಫಸ್ಟ್ ನೇಮ್ ಅಂತ ಉಂಟು. ಅಂಥವರು ಯಾರಾದ್ರೂ ಇದ್ದಾರಾ ಇಲ್ಲಿ?"

"ನಾನೇ. ಕೊಡು."

ಬಿಚ್ಚಿ ನೋಡಿದರೆ ಮಡಚುವ ಸ್ಟೂಲು. ಅವಳು ಅದನ್ನು ಬಿಡಿಸಿ ಜಗಲಿಯಲ್ಲಿಟ್ಟು ಕೂತಳು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. 

ಸೋಮವಾರ ಬೆಳಗ್ಗೆ ಸ್ಟೂಲನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಸುಕುಮಾರಣ್ಣನ ಅಂಗಡಿಯಲ್ಲಿ, ಹಬ್ಬ ಕಳೆದರೂ ಇನ್ನೂ ಖಾಲಿಯೇ ಇದ್ದ ತನ್ನ ಜಾಗದಲ್ಲಿ, ಸೀರೆ ಕಪಾಟಿನ ಎದುರು ಅದನ್ನು ಬಿಡಿಸಿ ಕೂತೇಬಿಟ್ಟಳು. 

"ಎಂತ ಇದು?" ಗಲ್ಲಾದಿಂದಲೇ ಸುಕುಮಾರಣ್ಣ ಕಣ್ಣು ಬಿಟ್ಟ.

"ಸ್ಟೂಲು."

"ಏಳು, ಏಳು. ನೀನು ಕೂತ್ರೆ ಗಿರಾಕಿ ಬರ್ತಾರಾ?"

ಅವನ ಮಾತು ಮುಗಿಯುವ ಮೊದಲೇ ಪ್ರೇಮಾವತಿ ಏದುಸಿರು ಬಿಡುತ್ತಾ ಒಳಗೆ ಬಂದಳು. ಅವಳ ಬೆನ್ನಿಗೆ ನೆರೆಕರೆಯ ಇನ್ನಿಬ್ಬರು.

"ಮನೆಯಲ್ಲಿ ಇಲ್ಲ, ಇಲ್ಲಿಗೆ ಬಂದಿದ್ದಾಳೆ ಅಂದ್ರು ನಿನ್ನ ಗಂಡ. ಸೊಸೆಯ ಸೀಮಂತಕ್ಕೆ ಸೀರೆ ಬೇಕು ಭವ್ಯ, ನೀನೇ ನೋಡಿ ಕೊಡು. ಬಣ್ಣ ಹೋದ್ರೆ ನಿನ್ನ ಮನೆಗೇ ಬಂದು ಬೈಯುವುದು, ಗೊತ್ತಾಯ್ತಲ್ಲ?"

ಅಭ್ಯಾಸಬಲದಿಂದ ಭವ್ಯಶ್ರೀ ಏಳಹೊರಟಳು. ಪ್ರೇಮಾವತಿ ಅವಳ ಹೆಗಲು ಹಿಡಿದು ಒತ್ತಿದಳು.

"ಏಳಬೇಡ. ಕೂತೇ ತೋರಿಸು."

ಸುಕುಮಾರಣ್ಣ ಸ್ಟೂಲನ್ನು ನೋಡಿದ, ಮೂವರು ಗಿರಾಕಿಗಳನ್ನು ನೋಡಿದ. ಆಮೇಲೆ ಕಪಾಟಿನ ಮೇಲಿನ ತಟ್ಟಿನ ಸೀರೆಗಳನ್ನು ಇಳಿಸಿಕೊಡಲು ತಾನೇ ಎದ್ದು ನಿಂತ.