ಎದೆಯ ಮೇಲೆ ಕೂತ ಪದ

೧. ಎಲ್ಲಿಂದ ಶುರು ಮಾಡಲಿ? ಪದದಿಂದಲೋ, ಸಾವಿನಿಂದಲೋ? ಪದವೇ ವಾಸಿ, ಅದಕ್ಕೆ ನೋವಾಗುವುದಿಲ್ಲ. ಇಂಗ್ಲಿಷಿನ ‘ನೈಟ್‌ಮೇರ್’. ಅದರೊಳಗಿನ ‘ಮೇರ್’ ಹೆಣ್ಣುಕುದುರೆಯಲ್ಲ. ಮಲಗಿದವರ ಎದೆಯೇರಿ ಕೂತು ಉಸಿರು ಕಟ್ಟಿಸುವ ಪಿಶಾಚಿಗೆ ಹಳೆಯ ಇಂಗ್ಲಿಷಿನಲ್ಲಿದ್ದ ಹೆಸರು. (ಕುದುರೆ ಅಂದುಕೊಂಡಿದ್ದಿರಾ? ನಾನೂ ಅಷ್ಟೇ.)

೨. ಮೇಲಿನದು ಪಾಠದ ಹಾಗಾಯಿತು, ಹೊಡೆದುಹಾಕಿ. ಮನುಷ್ಯರನ್ನು ಕರೆಯುತ್ತೇನೆ.

ಒಬ್ಬ ನಿಘಂಟುಕಾರ. ಇಂಗ್ಲಿಷ್ ಪದಗಳಿಗೆ ನಮ್ಮ ಮಾತಿನಲ್ಲಿ ಅರ್ಥ ಬರೆಯುತ್ತ ಇಪ್ಪತ್ತೆರಡು ವರ್ಷ ಸವೆದವನು. ಕಚೇರಿಯ ಕಟ್ಟುನಿಟ್ಟು ಒಂದೇ: ಪ್ರತಿ ಪದಕ್ಕೂ, ಬದುಕಿರುವ ಯಾರಾದರೂ ಆಡಿದ ಒಂದು ವಾಕ್ಯ ಬೇಕು, ಒಂದಕ್ಷರವೂ ಆಚೀಚೆಯಾಗದಂತೆ ಚೀಟಿಯಲ್ಲಿ ಇಳಿಯಬೇಕು. ‘ನೈಟ್‌ಮೇರ್’ ಪದದ ಚೀಟಿ ಆರು ತಿಂಗಳಿಂದ ಖಾಲಿಯಿತ್ತು.

೩. ಅವನನ್ನು ಸಾಕಿ ಬೆಳೆಸಿದ ಅಕ್ಕ ಒಂದು ಬೆಳಿಗ್ಗೆ ಅಡುಗೆಮನೆಯ ಗೋಡೆ ಹಿಡಿದು ಹೇಳಿದಳು: “ನಿದ್ದೇಲಿ ಯಾರೋ ಎದೆ ಮೇಲೆ ಬಂದು ಕೂತ್ಕೋತಾರೆ ಕಣೋ. ಉಸಿರೇ ಆಡಲ್ಲ.”

ತಮ್ಮನ ಕಿವಿ ನೆಟ್ಟಗಾಯಿತು. ಜೇಬಿನಿಂದ ಎಂದಿನಂತೆ ಚೀಟಿ, ಪೆನ್ನು ಹೊರಬಂದವು.

“ಇನ್ನೊಂದ್ಸಲ ಹೇಳಕ್ಕಾ. ಕೂತ್ಕೋತಾರೆ ಅಂದ್ಯಾ, ಕೂತ ಹಾಗಾಗುತ್ತೆ ಅಂದ್ಯಾ?”

ಮೂರು ಸಲ ಹೇಳಿಸಿದ. ಮೂರನೆಯ ಸಲಕ್ಕೆ ಅವಳಿಗೆ ಬೆವರು ಕಿತ್ತುಕೊಂಡಿತ್ತು. ಬರೆದ, ತಾರೀಕು ಹಾಕಿದ, ಖುಷಿಯಾಗಿ ಕೆಲಸಕ್ಕೆ ಹೋದ. ಹನ್ನೊಂದನೆಯ ದಿನ ಅಕ್ಕ ಏಳಲಿಲ್ಲ. ಹೃದಯ ಎಂದೋ ಸೋಲತೊಡಗಿತ್ತು, ಮೊದಲೇ ಕರೆತಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು.

೪. ಈಗ ಆ ವಾಕ್ಯ ಆಡಿದವಳು ಬದುಕಿಲ್ಲ. ಚೀಟಿ ನಿಯಮಕ್ಕೆ ಹೊರಗು. ಮುಕ್ತಾಯ ನೀವೇ ಆರಿಸಿಕೊಳ್ಳಿ. ಅವನು ಚೀಟಿ ಹರಿದುಹಾಕುತ್ತಾನೆ. ಅಥವಾ ನಿಯಮ ಮುರಿದು ಅಚ್ಚಿಗೆ ಕೊಡುತ್ತಾನೆ. ಅಕ್ಕನ ಮಾತು ಪುಟ ಸೇರುತ್ತದೆ, ನಿಮ್ಮ ಕಣ್ಣು ಒದ್ದೆಯಾಗುತ್ತದೆ, ನನಗೊಂದು ಬಹುಮಾನ ಬರುತ್ತದೆ.

“ನಾಚಿಕೆ ಆಗಲ್ವೇನ್ರೀ ನಿಮಗೆ?” ಎಂದ ನಿಘಂಟುಕಾರ, ನನ್ನನ್ನೇ. “ನಾನು ಬರ್ಕೊಂಡೆ, ಸರಿ. ನೀವು ಮಾಡ್ತಿರೋದೇನು? ಮುಕ್ತಾಯ ಯಾರಿಗೆ ಬೇಕು. ಆ ಬೆಳಿಗ್ಗೆಗೆ ವಾಪಸ್ ಹೋಗಿ, ನನ್ನ ಕೈಯಿಂದ ಪೆನ್ ಕಿತ್ಕೊಳ್ಳಿ.”

ನಾಚಿಕೆಯಾಯಿತು.

೫. ಹೋದೆ. ಕಿತ್ತುಕೊಂಡೆ. ಅವನು ಬರಿಗೈಯಲ್ಲಿ ನಿಂತಿದ್ದಾನೆ.

“ಯಾಕೋ, ಇವತ್ತು ಬರ್ಕೊಳ್ಳಲ್ವಾ?” ಎನ್ನುತ್ತಾಳೆ ಅಕ್ಕ, ಗೋಡೆ ಬಿಡದೆ.

‘ಡಾಕ್ಟರಿಗೆ ಫೋನ್ ಮಾಡಿದ’ ಎಂದು ನಾನು ಬರೆಯಬೇಕು. ಬರೆದರೆ ಅವಳು ಉಳಿಯುವುದು ಕಾಗದದ ಮೇಲೆ ಮಾತ್ರ, ಅದು ಅವನಿಗೂ ಗೊತ್ತು. ಬರೆಯದಿದ್ದರೆ ಆ ಹನ್ನೊಂದು ದಿನ ಮತ್ತೆ ಶುರು. ಪೆನ್ನು ಈಗ ನನ್ನ ಕೈಯಲ್ಲಿದೆ. ಅವಳು ಮೂರನೆಯ ಸಲ ಹೇಳುತ್ತಿದ್ದಾಳೆ, ನಾನು ಇನ್ನೂ ಅವಳ ಮಾತನ್ನೇ ಬರೆದುಕೊಳ್ಳುತ್ತಿದ್ದೇನೆ.