ಜಾಮ್ ಬಿಟ್ಟ ಮೇಲೆ

ಸೇತುವೆ ರಿಪೇರಿ ಶುರುವಾದಾಗಿನಿಂದ ಆ ಹೆದ್ದಾರಿಯಲ್ಲಿ ಲಾರಿ ಓಡಿಸುವುದೆಂದರೆ ಓಡಿಸುವುದಲ್ಲ, ತೆವಳುವುದು. ಎರಡು ಸಾಲಿನ ರಸ್ತೆ ಸೇತುವೆಯ ಬಾಯಿಗೆ ಬಂದಾಗ ಒಂದೇ ಸಾಲಾಗುತ್ತದೆ. ಆ ಕಡೆಯವರನ್ನು ಸ್ವಲ್ಪ ಹೊತ್ತು ಬಿಡುತ್ತಾರೆ, ಈ ಕಡೆಯವರನ್ನು ಸ್ವಲ್ಪ ಹೊತ್ತು. ಹಿಂದೆ ನಿಂತವರಿಗೆ ಕಾಣುವುದು ಮುಂದಿನ ಲಾರಿಯ ಬೆನ್ನು ಮಾತ್ರ.

ಆ ಸಾಲಿನಲ್ಲಿ ದಿನ ಬಿಟ್ಟು ದಿನ ಸಿಕ್ಕಿಕೊಳ್ಳುತ್ತಿದ್ದವರಲ್ಲಿ ಒಬ್ಬನಿಗೆ ಜೊತೆಯ ಡ್ರೈವರುಗಳು ‘ಗಡಿಯಾರ’ ಎಂದು ಹೆಸರಿಟ್ಟಿದ್ದರು. ಕಾರ್ಖಾನೆಯಿಂದ ದೊಡ್ಡ ಊರಿನ ಗೋದಾಮಿಗೆ ಕಿಟಕಿ ಗಾಜು ಸಾಗಿಸುವುದು ಅವನ ಕೆಲಸ. ಮಳೆ ಬರಲಿ, ಬಿಸಿಲು ಸುಡಲಿ, ಹೇಳಿದ ಹೊತ್ತಿಗೆ ಗೋದಾಮಿನ ಗೇಟಿನ ಮುಂದೆ ಅವನ ಹಾರನ್ನು ಕೇಳಲೇಬೇಕು. ಆ ಅಡ್ಡಹೆಸರು ಅವನಿಗೆ ಒಳಗೊಳಗೇ ಹೆಮ್ಮೆ ತರುತ್ತಿತ್ತು.

ಆ ದಿನ ಬೆಳಿಗ್ಗೆ ಸಾಲಿಗೆ ಸೇರಿದವನು ಬಿಸಿಲು ನೆತ್ತಿಗೇರಿದರೂ ಸೇತುವೆಯ ಮುಖ ನೋಡಿರಲಿಲ್ಲ. ಕ್ಲಚ್ ಒತ್ತು, ಒಂದು ಲಾರಿಯುದ್ದ ಮುಂದೆ ಹೋಗು, ನಿಲ್ಲು. ಮತ್ತೆ ಒತ್ತು. ಎಡಗಾಲಿನ ಮೀನಖಂಡ ತನ್ನಷ್ಟಕ್ಕೆ ತಾನೇ ನಡುಗತೊಡಗಿತ್ತು. ಕ್ಯಾಬಿನ್ನಿನ ಒಳಗೆ ಇಂಜಿನ್ನಿನ ಕಾವು, ಹೊರಗೆ ಡೀಸೆಲ್ ಹೊಗೆ. ಪಕ್ಕದಲ್ಲಿ ಹೆಂಡತಿ ತುಂಬಿಸಿಕೊಟ್ಟ ನೀರಿನ ಬಾಟಲಿ ತುಂಬಿದ ಹಾಗೆಯೇ ಇತ್ತು. ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋದರೆ ಜಾಗ ಹೋಗುತ್ತದೆ. ಆದ್ದರಿಂದ ಅವನು ಗುಟುಕು ನೀರನ್ನೂ ಕುಡಿದಿರಲಿಲ್ಲ.

ಹಿಂದಿನ ಹಾಲಿನ ಟ್ಯಾಂಕರಿನ ಡ್ರೈವರು ಇಳಿದು ಬಂದು ಬಾಗಿಲು ತಟ್ಟಿದ. ದಪ್ಪ ಹೊಟ್ಟೆಯ, ನಿಧಾನದ ಮನುಷ್ಯ.

“ಇಂಜಿನ್ ಆಫ್ ಮಾಡೋ ಮಾರಾಯ. ನಿನ್ನ ಹೊಗೆ ನೀನೇ ಕುಡೀತಿದೀಯ, ನಂಗೂ ಕುಡಿಸ್ತಿದೀಯ.”

“ಆಫ್ ಮಾಡಿದ್ರೆ ಗ್ಯಾಪಲ್ಲಿ ಕಾರಿನೋರು ಮೂಗು ತೂರಿಸ್ತಾರೆ.”

“ತೂರಿಸ್ಲಿ ಬಿಡು. ಅವರೇನು ಸೇತುವೆ ಹೊತ್ಕೊಂಡು ಹೋಗ್ತಾರಾ? ಇಳಿದು ಮೂತ್ರಕ್ಕಾದ್ರೂ ಹೋಗಿ ಬಾ. ನಿನ್ನ ಗಾಡಿ ನಾನು ನೋಡ್ಕೋತೀನಿ.”

“ನಂಗೆ ಬೇಡ.”

“ಮುಖ ನೋಡಿದ್ರೆ ಹಾಗನ್ಸಲ್ಲ,” ಎಂದ ಟ್ಯಾಂಕರಿನವನು, ತಾನೇ ರಸ್ತೆಯಾಚೆ ಹೋಗಿ ಬಂದ.

ಕೊನೆಗೆ ಸೇತುವೆ ದಾಟಿದಾಗ ಗೋದಾಮಿನ ಹೊತ್ತು ಮೀರುವುದರಲ್ಲಿತ್ತು. ರಸ್ತೆ ಒಮ್ಮೆಲೇ ಅಗಲವಾಯಿತು. ಗಾಳಿ ಮುಖಕ್ಕೆ ಬಡಿಯಿತು. ಹೋದ ಹೊತ್ತನ್ನು ಹಿಡಿಯಲು ಅವನು ಟಾಪ್ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದ. ಎಲ್ಲರೂ ಅದನ್ನೇ ಮಾಡುತ್ತಿದ್ದರು.

ಆಮೇಲೆ ಅವನಿಗೆ ಗೊತ್ತಾದದ್ದು ಚಕ್ರದ ಕೆಳಗೆ ಜಲ್ಲಿ ಕರಕರ ಎಂದದ್ದು, ಏನೋ ಲಟಕ್ಕನೆ ಮುರಿದದ್ದು. ಬ್ರೇಕಿನ ಮೇಲೆ ನಿಂತುಬಿಟ್ಟ. ಹಿಂದೆ ಗಾಜಿನ ಹಾಳೆಗಳು ಒಂದರ ಮೇಲೊಂದು ಒಡೆದು ಬೀಳುವ ಸದ್ದು ನಿಲ್ಲುವಷ್ಟರಲ್ಲಿ ಲಾರಿ ನಿಂತಿತು.

ಅದು ಒಂದು ಬಸ್ ಸ್ಟಾಪು. ಅಲ್ಲಿದ್ದ ಮರದ ಬೆಂಚು ಮುಂದಿನ ಚಕ್ರದ ಕೆಳಗೆ ಚೂರಾಗಿತ್ತು. ಬೆಂಚಿನಿಂದ ಕೈಯಳತೆಯಲ್ಲಿ ವಯಸ್ಸಾದ ಹೆಂಗಸೊಬ್ಬಳು ಚೀಲ ಹಿಡಿದು ನಿಂತಿದ್ದಳು. ಅವಳು ಕೂಗಲಿಲ್ಲ, ಬೈಯಲಿಲ್ಲ.

“ಬಸ್ಸು ಬಂತಾ ನೋಡೋಣ ಅಂತ ಈಗ ತಾನೆ ಎದ್ದೆ,” ಎಂದಳು. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಇನ್ನೊಮ್ಮೆ ಹೇಳಿದಳು. ಆಮೇಲೆ ಇಳಿದು ಬಂದವನ ಮುಖ ನೋಡಿ, “ನಿಂಗೇನೂ ಆಗಿಲ್ಲ ತಾನೇ ಮಗಾ?” ಎಂದು ಕೇಳಿದಳು.

ಪೊಲೀಸರು ಬಂದು ಕೇಸು ಬರೆದುಕೊಂಡರು. ಬ್ರೇಕ್ ಹಿಡಿಯಲಿಲ್ಲ ಎಂದು ಅವನು ಹೇಳಿದ. ಲಾರಿ ಗ್ಯಾರೇಜಿಗೆ ಹೋಯಿತು. ಅವನು ಬಸ್ಸು ಹತ್ತಿ ಮನೆಗೆ ಬಂದ.

ಮೈ ಕೈ ನೋವಿಗಿಂತ ಮೂತ್ರದ ಉರಿ ಜಾಸ್ತಿಯಾಗಿತ್ತು. ಹೆಂಡತಿ ಗಾಬರಿಯಾಗಿ ಅವನ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ನರ್ಸು. ಮರುದಿನ ಡ್ಯೂಟಿ ಮುಗಿಸಿ ಹಾಗೇ ಬಂದಳು. ಚಪ್ಪಲಿ ಬಿಟ್ಟು, ಊದಿದ ಕಾಲುಗಳನ್ನು ಸ್ಟೂಲಿನ ಮೇಲಿಟ್ಟು, ಕುಡಿಯಲು ನೀರು ಕೇಳಿದಳು.

“ಉರಿ ಎಷ್ಟು ದಿನದಿಂದ?”

“ಆಗಾಗ ಬರುತ್ತೆ, ಹೋಗುತ್ತೆ.”

“ನೀರು ಕುಡೀದೆ, ಬಂದದ್ದನ್ನ ತಡ್ಕೊಂಡು ಕೂತ್ರೆ ಬರದೆ ಇನ್ನೇನು? ನಾಳೆ ನನ್ಜೊತೆ ಆಸ್ಪತ್ರೆಗೆ ಬಾ, ಪರೀಕ್ಷೆ ಮಾಡಿಸೋಣ. ಹೀಗೇ ಬಿಟ್ರೆ ಕಲ್ಲೂ ಆಗುತ್ತೆ. ಅದಿರ್ಲಿ, ನಿನ್ನೆ ನಿದ್ದೆ ಮಾಡಿಬಿಟ್ಯಾ?”

ಅವನಿಗೆ ರೇಗಿತು. “ಯಾರು ಹೇಳಿದ್ದು? ಕಣ್ಣು ಬಿಟ್ಕೊಂಡೇ ಇದ್ದೆ. ಬ್ರೇಕು ಹಿಡೀಲಿಲ್ಲ, ಅಷ್ಟೇ.”

ಕಿಟಕಿ ಪಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು. “ಗ್ಯಾರೇಜಿನೋರು ಫೋನ್ ಮಾಡಿದ್ರು. ಬ್ರೇಕು ಸರಿಯಾಗೇ ಇದೆಯಂತೆ.”

“ಅವರಿಗೇನು ಗೊತ್ತು? ಅಷ್ಟು ಹೊತ್ತು ಜಾಮಲ್ಲಿ ಸುಮ್ನೆ ಕೂತಿದ್ದೆ ಅಕ್ಕ. ಸುಮ್ನೆ ಕೂತೋನಿಗೆ ಯಾಕೆ ಸುಸ್ತಾಗುತ್ತೆ, ಯಾಕೆ ನಿದ್ದೆ ಬರುತ್ತೆ?”

ಅಕ್ಕ ವಾದ ಮಾಡಲಿಲ್ಲ. ಲೋಟ ಕೆಳಗಿಟ್ಟಳು. “ಸರಿ. ಸೇತುವೆ ದಾಟಿದ ಮೇಲೆ ಏನೇನು ಬಂತು, ಒಂದೊಂದಾಗಿ ಹೇಳು. ನಾನೂ ಆ ದಾರೀಲಿ ಎಷ್ಟೋ ಸಲ ಓಡಾಡಿದೀನಿ.”

“ಸೇತುವೆ ಆದ್ಮೇಲೆ ಇಟ್ಟಿಗೆ ಗೂಡು. ಆಮೇಲೆ ಪೆಟ್ರೋಲ್ ಬಂಕು. ಬಂಕಿನ ಹತ್ರ ಒಂದು ಬಸ್ಸಿಗೆ ಸೈಡ್ ಹೊಡ್ದೆ. ಆಮೇಲೆ ಬಸ್ ಸ್ಟಾಪು.”

“ಬಂಕು ಆದ್ಮೇಲೆ ನೇರ ಬಸ್ ಸ್ಟಾಪಾ?”

“ಹೌದು.”

“ಮಧ್ಯೆ ರೈಲ್ವೆ ಗೇಟು?”

ಹಳಿಗಳ ಮೇಲೆ ಹೋಗುವಾಗ ಗಾಜು ಒಡೆಯದಿರಲೆಂದು ಪ್ರತಿ ಸಲವೂ ಅವನು ಲಾರಿಯನ್ನು ಪೂರ್ತಿ ನಿಧಾನ ಮಾಡಿ, ಗೇಟಿನ ಕಾವಲುಗಾರನಿಗೆ ಕೈಯೆತ್ತಿ ಹೋಗುವವನು. ಗೇಟು ತೆರೆದಿತ್ತೋ, ಕಾವಲುಗಾರ ನಿಂತಿದ್ದನೋ, ತಾನು ಕೈಯೆತ್ತಿದೆನೋ ಇಲ್ಲವೋ. ಎಷ್ಟು ಕೆದಕಿದರೂ ಏನೂ ಸಿಗಲಿಲ್ಲ. ಬಂಕಿನ ಬೋರ್ಡಿತ್ತು, ಅದಾದ ಮೇಲೆ ಜಲ್ಲಿಯ ಸದ್ದಿತ್ತು.

“ಹಳಿ ದಾಟಿದ್ದು ನೆನಪಿಲ್ಲ,” ಎಂದ ಮೆಲ್ಲಗೆ.

ಹೊಲಿಗೆ ಮೆಷಿನ್ನು ನಿಂತಿತು.

“ಹಾಗೇ ಆಗೋದು,” ಎಂದಳು ಅಕ್ಕ. ಅವಳ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ಇದೇ ಮಾತನ್ನು ವಾರ್ಡಿನಲ್ಲಿ ಹೇಳಿ ಹೇಳಿ ದಣಿದವಳ ದನಿ ಅದು. “ಜಾಮಲ್ಲಿ ಸುಮ್ನೆ ಕೂತಿದ್ದೆ ಅಂತ ನೀನು ಅಂದ್ಕೊಂಡಿದೀಯ. ಕಾಲು ಬಿಡುವಿಲ್ದೆ ದುಡಿದಿದೆ. ಮೈಯಲ್ಲಿ ನೀರಿಲ್ಲ. ಮುಂದಿನ ಗಾಡಿ ಕೆಂಪು ಲೈಟು ನೋಡಿ ನೋಡಿ ಕಣ್ಣು ಸೋತಿದೆ. ಅಲ್ಲಿ ಇರೋವರ್ಗೂ ಹಾರನ್ನು, ಜಗಳ, ಸಿಟ್ಟು ಎಲ್ಲಾ ಸೇರಿ ನಿನ್ನ ಎಬ್ಬಿಸಿ ಇಟ್ಟಿರುತ್ತೆ. ರಸ್ತೆ ಖಾಲಿಯಾಗಿ ತಣ್ಣಗೆ ಗಾಳಿ ಬಂತು ನೋಡು, ಮಿದುಳು ಅಂಗಡಿ ಮುಚ್ಚಿಬಿಡುತ್ತೆ. ಕಣ್ಣು ತೆರೆದೇ ಇರುತ್ತೆ, ಒಳಗೆ ಯಾರೂ ಇರಲ್ಲ. ವಾರ್ಡಿಗೆ ಬರೋ ಡ್ರೈವರುಗಳು ಎಲ್ಲಾ ಇದನ್ನೇ ಹೇಳ್ತಾರೆ, ನಾನು ನಿದ್ದೆ ಮಾಡಿಲ್ಲ ಸಿಸ್ಟರ್ ಅಂತ. ಹೇಳೋಕೆ ಉಳ್ದೋರು ಹೇಳ್ತಾರೆ.”

ಅವನು ಗೋಡೆಗೆ ಒರಗಿದ. “ಮತ್ತೆ ಹೋದ ಹೊತ್ತನ್ನ ಎಲ್ಲಿಂದ ತರ್ಲಿ?”

“ತರ್ಬೇಡ. ಅದು ಹೋಯ್ತು. ಜಾಮಲ್ಲಿ ಸಿಕ್ಕಿಕೊಂಡ ತಕ್ಷಣ ಗೋದಾಮಿಗೆ ಫೋನ್ ಮಾಡಿ ತಡ ಆಗುತ್ತೆ ಅನ್ನು. ಇಂಜಿನ್ ಆಫ್ ಮಾಡು, ಹ್ಯಾಂಡ್ ಬ್ರೇಕ್ ಹಾಕು, ನೀರು ಕುಡಿ. ಹಿಂದಿನೋನಿಗೆ ಹೇಳಿ ಇಳಿದು ಹೋಗಿ ಬಾ. ಜಾಮ್ ಬಿಟ್ಟ ಮೇಲೆ ಮೊದಲು ಸಿಗೋ ಜಾಗದಲ್ಲಿ ಗಾಡಿ ರಸ್ತೆ ಬಿಟ್ಟು ಒಳಗೆ ನಿಲ್ಸಿ ಒಂದು ಕೋಳಿನಿದ್ದೆ ಮಾಡು.”

“ಒಂದು ಟೀ ಕುಡಿದ್ರೆ ಸಾಲದಾ?”

“ಟೀ ಕುಡಿ, ಬೇಡ ಅನ್ನಲ್ಲ. ಆದ್ರೆ ಅದನ್ನೇ ನಿದ್ದೆ ಅಂದ್ಕೋಬೇಡ.”

“ಸೂಪರ್‌ವೈಸರ್ ಬಾಯಿಗೆ ಬಂದ ಹಾಗೆ ಬೈತಾನೆ ಅಕ್ಕ. ಗಡಿಯಾರ ಕೆಟ್ಟೋಯ್ತಾ ಅಂತಾನೆ.”

ಹೆಂಡತಿ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಬೈಸ್ಕೊಂಡು ಬಾ,” ಎಂದಳು. “ಬೈಸ್ಕೊಂಡು ಮನೆಗೆ ಬಾ. ಆ ಹೆಸರಿಟ್ಟೋರು ನಾಳೆ ನನ್ನ ಮನೆ ನಡೆಸಲ್ಲ.” ಅಷ್ಟು ಹೇಳಿ ಅವಳು ಒಳಗೆ ಹೋದಳು. ನಲ್ಲಿ ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಉರಿಗೆ ಔಷಧಿ ಬಿದ್ದಿತು. ಲಾರಿಯ ರಿಪೇರಿ ಮುಗಿಯಿತು. ಅವನು ಮತ್ತೆ ಅದೇ ರಸ್ತೆಗೆ ಇಳಿದ. ಸೇತುವೆಯ ಕೆಲಸವಂತೂ ಒಂದು ಇಟ್ಟಿಗೆಯಷ್ಟೂ ಮುಂದೆ ಹೋದಂತೆ ಕಾಣಲಿಲ್ಲ.

ಸಾಲು ನಿಂತಿತು. ಅವನು ಇಂಜಿನ್ ಆಫ್ ಮಾಡಿ ಗೋದಾಮಿಗೆ ಫೋನ್ ಮಾಡಿದ. ಆ ಕಡೆಯಿಂದ ಬಂದ ಮಾತನ್ನೆಲ್ಲ ಕೇಳಿಸಿಕೊಂಡು, “ತಡ ಆಗುತ್ತೆ ಸಾರ್, ಅದಕ್ಕೇ ಮೊದ್ಲೇ ಹೇಳ್ತಿದೀನಿ,” ಎಂದಷ್ಟೇ ಹೇಳಿದ. ನೀರು ಕುಡಿದ. ಹಿಂದೆ ಸಿಮೆಂಟ್ ಲಾರಿಯೊಂದಿತ್ತು. ಅದರ ಡ್ರೈವರನ ಹತ್ತಿರ ಹೋಗಿ, “ಗಾಡಿ ಕಡೆ ಸ್ವಲ್ಪ ಕಣ್ಣಿಟ್ಟಿರು, ಹೋಗಿ ಬರ್ತೀನಿ. ಆಮೇಲೆ ನೀನು ಹೋಗು,” ಎಂದ. ಹೋಗಿ ಬರುವಷ್ಟರಲ್ಲಿ ಅವನ ಲಾರಿಯ ಮುಂದಿನ ಸಂದಿಗೆ ಒಂದು ಕಾರು ಮೂಗು ತೂರಿಸಿತ್ತು. ಹಲ್ಲು ಕಚ್ಚಿ ಲಾರಿ ಹತ್ತಿದ.

ಸೇತುವೆ ದಾಟಿದ ಮೇಲೆ ಲಾರಿಗಳೆಲ್ಲ ಹಾರನ್ನು ಹೊಡೆಯುತ್ತ ಅವನನ್ನು ಹಿಂದೆ ಹಾಕಿ ಓಡಿದವು. ಅವನು ಬಂಕಿನ ಅಂಗಳಕ್ಕೆ ಲಾರಿ ತಿರುಗಿಸಿ, ನೆರಳಿಗೆ ನಿಲ್ಲಿಸಿ, ಫೋನಿನಲ್ಲಿ ಅಲಾರಾಂ ಇಟ್ಟು, ಸೀಟಿನ ಮೇಲೆ ಅಡ್ಡಾದ. ನಿದ್ದೆ ಬರುವುದಿಲ್ಲ ಎಂದುಕೊಂಡ. ಅಲಾರಾಂ ಹೊಡೆದಾಗ ತಾನೆಲ್ಲಿದ್ದೇನೆ ಎಂದು ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು. ಇಂಥ ಕಣ್ಣುಗಳನ್ನು ಇಟ್ಟುಕೊಂಡು ತಾನು ಇಷ್ಟು ವರ್ಷ ಗಾಡಿ ಓಡಿಸಿದೆನಲ್ಲ ಎಂದು ಅವನಿಗೆ ಮೊದಲ ಬಾರಿ ನಿಜವಾದ ಭಯವಾಯಿತು. ಮುಖ ತೊಳೆದು ಹೊರಟ.

ಗೋದಾಮಿನಲ್ಲಿ ಸೂಪರ್‌ವೈಸರ್ ಅವನನ್ನು ಕೊನೆಯವನನ್ನಾಗಿ ನಿಲ್ಲಿಸಿದ. “ಎಲ್ಲರೂ ಬಂದಿದಾರೆ, ನಿಂಗೊಬ್ಬನಿಗೆ ಬೇರೆ ರಸ್ತೆನಾ?” ಎಂದು ಕೂಲಿಗಳ ಎದುರೇ ಕೇಳಿದ. ಅವನು ಗಾಜು ಇಳಿಯುವುದನ್ನು ನೋಡುತ್ತ ನಿಂತ. ಒಂದು ಹಾಳೆಯೂ ಬಿರುಕು ಬಿಟ್ಟಿರಲಿಲ್ಲ. ಅದನ್ನು ಯಾರೂ ಎತ್ತಿ ಹೇಳಲಿಲ್ಲ. ಅವನು ಖಾಲಿ ಲಾರಿ ಹತ್ತಿ, ಹೊರಡುವ ಮೊದಲು ಬಾಟಲಿಗೆ ನೀರು ತುಂಬಿಸಿಕೊಂಡ.

ಲಾರಿ ಓಡಿಸುವ ಅಣ್ಣಂದಿರೇ, ತಮ್ಮಂದಿರೇ, ಅಕ್ಕಂದಿರೇ, ಜಾಮು ನಿಮ್ಮ ಕೈಯಲ್ಲಿಲ್ಲ, ನಿಜ. ಜಾಮ್ ಬಿಟ್ಟ ಮೇಲೆ ಆಕ್ಸಿಲರೇಟರ್ ಮೇಲಿರುವ ಕಾಲು ಮಾತ್ರ ನಿಮ್ಮದೇ. ನೀರು ಕುಡಿಯಿರಿ, ಇಳಿದು ಹೋಗಿ ಬನ್ನಿ, ಒಬ್ಬರ ಗಾಡಿಯನ್ನು ಇನ್ನೊಬ್ಬರು ನೋಡಿಕೊಳ್ಳಿ. ದಾರಿಯ ಒಂದು ತುಂಡು ನೆನಪಿಗೆ ಬರುತ್ತಿಲ್ಲ ಅನ್ನಿಸಿದರೆ ಇನ್ನೇನನ್ನೂ ಯೋಚಿಸಬೇಡಿ, ಸುರಕ್ಷಿತವಾದ ಜಾಗ ನೋಡಿ ನಿಲ್ಲಿಸಿ ಮಲಗಿ. ಸರಕಿಗಾಗಿ ಕಾಯುವ ಮಾಲೀಕರೇ, ತಡವಾಗುತ್ತದೆ ಎಂದು ಫೋನ್ ಬಂದರೆ ಸಿಡುಕಬೇಡಿ. ಆ ಫೋನ್ ಮಾಡಿದವನು ನಿಮ್ಮ ಸರಕನ್ನೂ ಉಳಿಸುತ್ತಿದ್ದಾನೆ. ಮನೆಯಲ್ಲಿ ಕಾಯುವವರಿಗೂ ಒಂದು ಮಾತು. ಮುಂದಿನ ಸಲ ಫೋನ್ ಮಾಡಿದಾಗ ಎಷ್ಟು ಹೊತ್ತಿಗೆ ಬರ್ತೀಯ ಎಂದು ಕೇಳಬೇಡಿ. ಎಲ್ಲಿ ನಿಲ್ಲಿಸಿ ಮಲಗಿದ್ದೆ ಎಂದು ಕೇಳಿ.