ಮೊದಲು ಯಾರದು?

ಲ್ಯಾಪ್‌ಟಾಪು ಬೆಳಿಗ್ಗೆಯಿಂದ ಒಂದೇ ರಾಗ ಹಿಡಿದಿತ್ತು: ಕಟ್, ಕಟ್, ಕಟ್, ಆಮೇಲೆ ಒಂದು ನಿಟ್ಟುಸಿರು. ಪರದೆ ಮಾತ್ರ ಕಾಡಿಗೆ ಬಳಿದ ಹಾಗೆ ಕಪ್ಪು. ಹಿರಿಸೊಸೆ ಊಟದ ಮೇಜಿನ ಮುಂದೆ ಕೂತು ಅದನ್ನು ಜ್ವರ ಬಂದ ಕೂಸನ್ನು ನೋಡುವಂತೆ ನೋಡುತ್ತಿದ್ದಳು. ಮಕ್ಕಳ ಕೋಟಿಗೆ ಬಟ್ಟೆ ಕತ್ತರಿಸುವ ನಕ್ಷೆಗಳೆಲ್ಲ ಅದರ ಹೊಟ್ಟೆಯಲ್ಲಿದ್ದವು. ತೋಳು, ಕಾಲರು, ಜೇಬು, ಒಂದೊಂದೂ ಹಲವು ಅಳತೆಗಳಲ್ಲಿ. ಇಷ್ಟು ವರ್ಷ ಬೇರೆಯವರ ನಕ್ಷೆಗೆ ಹೊಲಿದವಳಿಗೆ ಗಾರ್ಮೆಂಟ್ಸಿನವರು ಈ ಸಲ, "ನಕ್ಷೆಯನ್ನೂ ನೀವೇ ಮಾಡಿ ನೋಡೋಣ" ಎಂದಿದ್ದರು. ಸಂಜೆಯೊಳಗೆ ಕಳಿಸದಿದ್ದರೆ ಕೆಲಸ ಇನ್ನೊಬ್ಬರ ಪಾಲು.

ಮನೆಗೆಲ್ಲ ಇದ್ದದ್ದು ಅದೊಂದೇ ಲ್ಯಾಪ್‌ಟಾಪು. ಹಾಗಾಗಿ ವೈದ್ಯರಿಗೆ ಬರವಿರಲಿಲ್ಲ. ಗಂಡ ರಟ್ಟು ಹಿಡಿದು ಗಾಳಿ ಬೀಸಿದ. ಮೈದುನ ಅದರ ಬೆನ್ನು ತಟ್ಟಿ ಗುಂಡಿ ಒತ್ತಿದ, ಮತ್ತೆ ತಟ್ಟಿ ಮತ್ತೆ ಒತ್ತಿದ. ಅತ್ತೆ ಒದ್ದೆ ಬಟ್ಟೆ ತಂದಾಗ ಮೈದುನನ ಹೆಂಡತಿ, ಅಂದರೆ ಕಿರಿಸೊಸೆ, ಓಡಿ ಬಂದು ಅವರ ಕೈ ಹಿಡಿದಳು. ಹತ್ತು ಮಂದಿ ಸೇರಿ ಹೊಡೆದ ಹಾವು ಸಾಯುವುದಿಲ್ಲವಂತೆ. ಇದರಲ್ಲಂತೂ ಬದುಕುವ ಲಕ್ಷಣವೂ ಕಾಣಲಿಲ್ಲ.

ಕೊನೆಗೆ ಹಿರಿಸೊಸೆ ರಿಪೇರಿ ಅಂಗಡಿಯಾಕೆಗೆ ಫೋನು ಮಾಡಿದಳು.

"ಫೋನನ್ನ ಅದರ ಪಕ್ಕ ಹಿಡೀರಿ. ಯಾರೂ ಮಾತಾಡ್ಬೇಡಿ," ಎಂದಳು ಆಕೆ.

ಆ ಮನೆಯಲ್ಲಿ ಅದೇನು ಸುಲಭದ ವ್ರತವಲ್ಲ. ಆದರೂ ಎಲ್ಲರೂ ಉಸಿರು ಬಿಗಿಹಿಡಿದರು. ಕಟ್, ಕಟ್, ಕಟ್.

"ಡಿಸ್ಕು ಕಣ್ರೀ. ಒಳಗೆ ಅದನ್ನ ಓದೋ ಮುಳ್ಳು ಜಾಗ ಸಿಗದೆ ತಡಕಾಡ್ತಿದೆ. ಎಷ್ಟು ಸಲ ಆನ್ ಮಾಡಿದ್ರಿ?"

"ನಾನು ಒಂದೇ ಸಲ," ಎಂದ ಗಂಡ.

"ನಾನೂ ಒಂದೇ," ಎಂದ ಮೈದುನ.

"ನಾನು ಮುಟ್ಟೇ ಇಲ್ಲಪ್ಪ," ಎಂದರು ಅತ್ತೆ. "ಆಣೆ ಮಾತ್ರ ಹಾಕಿಸ್ಬೇಡಿ."

ಅಂಗಡಿಯಾಕೆ ನಕ್ಕಳು. "ಒತ್ತಿದಷ್ಟೂ ಒಳಗೆ ಗೀಚುತ್ತೆ. ನನ್ನ ಹತ್ರ ತಂದ್ರೂ ಬೇರೆ ಊರಿಗೆ ಕಳಿಸ್ಬೇಕು, ವಾರಗಟ್ಟಲೆ ಆಗುತ್ತೆ. ಚಾರ್ಜರು, ಬ್ಯಾಟರಿ ಎರಡೂ ತೆಗೆದಿಟ್ಟು ತಣ್ಣಗಾಗೋಕೆ ಬಿಡಿ. ಆಮೇಲೆ ಒಂದೇ ಸಲ ಒತ್ತಿ. ಎದ್ರೆ ಸ್ವಲ್ಪ ಹೊತ್ತು ಇರುತ್ತೆ, ಅದೂ ಆಮೆ ನಡಿಗೆ. ಮೊದಲು ಏನು ಬೇಕೋ ಅದನ್ನ ಪೆನ್‌ಡ್ರೈವಿಗೆ ಎಳ್ಕೊಳ್ಳಿ. ಎಲ್ಲಾ ಬೇಕು ಅಂದ್ರೆ ಯಾವುದೂ ಸಿಗಲ್ಲ."

ಮೊದಲು ಏನು ಬೇಕು? ಮೈದುನನ ಮದುವೆಯ ಫೋಟೋಗಳೂ ಅದರಲ್ಲೇ ಇದ್ದವು. ಆಲ್ಬಮ್ ಮಾಡಿಸುತ್ತೇನೆ, ಮಾಡಿಸುತ್ತೇನೆ ಎನ್ನುತ್ತಲೇ ಅವನು ದಿನ ದೂಡಿದ್ದ. ಅಷ್ಟರಲ್ಲಿ ಫೋಟೋದವನು ಅಂಗಡಿಯನ್ನೇ ಮುಚ್ಚಿದ್ದ.

"ನಿಮ್ದೇ ಮೊದಲಾಗ್ಲಿ ಅಕ್ಕ," ಎಂದಳು ಕಿರಿಸೊಸೆ.

"ಛೇ, ಮದುವೆ ಆಗೋದು ಒಂದೇ ಸಲ. ನಿಂದಾಗ್ಲಿ."

"ಕೋಟು ಸಂಜೆಗೇ ಬೇಕಲ್ಲ?"

"ಅದೇನು ಮಹಾ, ಮತ್ತೆ ಬರೆದ್ರಾಯ್ತು."

ಸಂಜೆಯೊಳಗೆ ಮತ್ತೆ ಬರೆಯುವುದು ಆಗದ ಹೋಗದ ಮಾತೆಂದು ಅವಳಿಗೇ ಗೊತ್ತಿತ್ತು. ಆದರೆ ಓರಗಿತ್ತಿಯರ ಉಪಚಾರವೆಂದರೆ ತಿರುವುಮುರುವಾದ ಹಗ್ಗಜಗ್ಗಾಟ. ಹಗ್ಗ ಯಾರ ಕಡೆ ಬಂತೋ ಅವರೇ ಸೋತ ಲೆಕ್ಕ.

"ನೀವಿಬ್ರೂ ಬಾಗಿಲಲ್ಲಿ ನಿಂತು ನೀ ಮೊದಲು ನೀ ಮೊದಲು ಅಂತಿರಿ," ಎಂದರು ಅತ್ತೆ, "ಅಷ್ಟೊತ್ತಿಗೆ ಬಸ್ಸು ಹೋಗಿರುತ್ತೆ."

ಲ್ಯಾಪ್‌ಟಾಪು ತಣ್ಣಗಾಯಿತು. ಬ್ಯಾಟರಿ ಕೂರಿಸಿ, ಮನಸ್ಸಿನಲ್ಲೇ ಕೈಮುಗಿದು, ಹಿರಿಸೊಸೆ ಗುಂಡಿ ಒತ್ತಿದಳು. ಕಟ್. ಕಟ್. ಮೂರನೆಯದಕ್ಕೆ ಎಲ್ಲರೂ ಕಾದರು, ಅದು ಬರಲಿಲ್ಲ. ಬದಲಿಗೆ ಒಳಗೆಲ್ಲೋ ಜೇನು ಮೊರೆದ ಸದ್ದು. ಪರದೆ ಬೆಳಗಿತು.

"ಎದ್ದಿತು!" ಎಂದು ಗಂಡ ರಟ್ಟು ಎಸೆದ.

ಮೌಸು ಹಿರಿಸೊಸೆಯ ಕೈಯಲ್ಲಿತ್ತು. ಫೋಟೋ, ನಕ್ಷೆ, ಎರಡೂ ಅಕ್ಕಪಕ್ಕ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಅವಳ ಕೈ ತನ್ನಷ್ಟಕ್ಕೆ ತಾನೇ ಫೋಟೋದತ್ತ ಸರಿಯಿತು. ಅರ್ಧ ದಾರಿಯಲ್ಲಿ ಆ ಕಾಲರು ನೆನಪಾಯಿತು. ಮಗುವಿನ ಕತ್ತಿಗೆ ಒತ್ತಬಾರದೆಂದು ಅಳಿಸಿ, ಬರೆದು, ಮತ್ತೆ ಅಳಿಸಿ ತಂದ ಆ ಬಾಗು. ಕೈ ನಿಂತಿತು.

"ಇಲ್ಲ," ಎಂದಳು, ಬೇಕಾದ್ದಕ್ಕಿಂತ ಜೋರಾಗಿ. "ನಂದು ಮೊದಲು. ನನಗೆ ಬೇಕು."

"ಅತ್ತಿಗೆ, ಫೋಟೋ..." ಎಂದ ಮೈದುನ. ಅವಳು ಅವನತ್ತ ನೋಡಲಿಲ್ಲ. ನಕ್ಷೆಗಳನ್ನು ಹಿಡಿದು ಎಳೆದೇಬಿಟ್ಟಳು. ಮೊದಲು ನಕ್ಕವಳು ಕಿರಿಸೊಸೆ.

"ಅಬ್ಬ, ಕೊನೆಗೂ ಬಾಯಿ ಬಿಟ್ರಲ್ಲ! ಆ ಫೋಟೋಗಳಲ್ಲಿ ನಾನು ಸುಣ್ಣ ಬಳಿದ ಗೋಡೆ ಥರ ಕಾಣ್ತೀನಿ. ಹೋದ್ರೆ ಪೀಡೆ ಹೋಯ್ತು ಅಂತಿದ್ದೆ ಅಕ್ಕ. ಇವರಮ್ಮನ ಎದುರು ಹೇಳೋದು ಹೇಗೆ?"

"ಇವರಮ್ಮ ಇಲ್ಲೇ ಕೂತಿದಾಳೆ," ಎಂದರು ಅತ್ತೆ.

ನಕ್ಷೆಗಳು ಒಂದೊಂದಾಗಿ, ಸೊಂಟನೋವಿನ ಮುದುಕರು ಮೆಟ್ಟಿಲಿಳಿದಂತೆ, ಪೆನ್‌ಡ್ರೈವಿಗಿಳಿದವು. ತೋಳು ಬಂತು, ಕಾಲರು ಬಂತು, ಕಡೆಯ ಜೇಬೂ ಬಂತು. ಆಮೇಲೆ ಮೈದುನ ಅಂಗಲಾಚಿ ಫೋಟೋಗಳಿಗೆ ಕೈ ಹಾಕಿಸಿದ. ಒಂದು ಬಂದದ್ದೇ ತಡ, ಕಟ್ ಎಂದು ಡಿಸ್ಕು ಶಾಶ್ವತವಾಗಿ ಕಣ್ಣು ಮುಚ್ಚಿತು. ಉಳಿದ ಆ ಒಂದೇ ಒಂದು ಫೋಟೋದಲ್ಲಿ ಕಿರಿಸೊಸೆ ಊರಗಲ ಬಾಯಿ ತೆರೆದು ಆಕಳಿಸುತ್ತಿದ್ದಳು.

"ಇದನ್ನೇ ದೊಡ್ಡದು ಮಾಡಿಸೋಣ," ಎಂದ ಮೈದುನ, ಸೇಡಿಗೆ.

ಹಿರಿಸೊಸೆ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಗಂಡನೊಡನೆ ರಿಪೇರಿ ಅಂಗಡಿಗೆ ನಡೆದಳು. ಅಲ್ಲಿಯ ಕಂಪ್ಯೂಟರಿನಿಂದ ನಕ್ಷೆಗಳನ್ನು ಕಳಿಸಿ, ಗಾರ್ಮೆಂಟ್ಸಿನವರಿಂದ "ಬಂತು, ಚೆನ್ನಾಗಿದೆ" ಎಂಬ ಉತ್ತರ ಓದಿಯೇ ಅಂಗಡಿಯ ಮೆಟ್ಟಿಲಿಳಿದಳು.

"ನೀನು ಹಾಗೆ 'ನನಗೆ ಬೇಕು' ಅಂದದ್ದು ನಾನು ಕೇಳೇ ಇರ್ಲಿಲ್ಲ," ಎಂದ ಗಂಡ.

"ನಾನೂ ಕೇಳಿರ್ಲಿಲ್ಲ ಕಣ್ರೀ."

ಅವಳು ಪೆನ್‌ಡ್ರೈವನ್ನು ಪರ್ಸಿಗೆ ಹಾಕಿ ಜಿಪ್ ಎಳೆದಳು.

"ಇನ್ನೂ ಒಂದು ಬೇಕು," ಎಂದಳು. "ಹೊಸ ಲ್ಯಾಪ್‌ಟಾಪು. ನನಗೊಬ್ಬಳಿಗೇ."

ಸಪಾಟಾದ ರಸ್ತೆಯಲ್ಲಿ ಗಂಡ ಎಡವಿದ.